ಡಿಸ್ಕ್ ಎಂಟು, ಪೋರ್ಟ್ ನಾಲ್ಕು: ಯಾವ ಕಂಟ್ರೋಲರ್ ಕಾರ್ಡ್ ಕೊಳ್ಳಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಮದುವೆ ಮತ್ತು ಯಕ್ಷಗಾನ ಚಿತ್ರೀಕರಣದ ಸ್ಟುಡಿಯೋ. ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಕ್ಯಾಮೆರಾದಲ್ಲಿ ಹಿಡಿದರೆ ನೂರಾರು ಜಿಬಿ ಆಗುತ್ತದೆ. 4 ಟಿಬಿಯ 8 ಸಾಟಾ ಡಿಸ್ಕ್‌ಗಳು ಕೈಯಲ್ಲಿವೆ. ಹಳೆಯ ಟವರ್ ಕಂಪ್ಯೂಟರಿಗೆ ಟ್ರೂನ್ಯಾಸ್ ಎಂಬ ಸ್ಟೋರೇಜ್ ಸರ್ವರ್ ಸಾಫ್ಟ್‌ವೇರ್ ಹಾಕಿ ಸರ್ವರ್ ಮಾಡಬೇಕೆಂದಿದ್ದೇವೆ. ಆದರೆ ಬೋರ್ಡಿನಲ್ಲಿರುವುದು ನಾಲ್ಕೇ ಸಾಟಾ ಪೋರ್ಟ್. ಒಬ್ಬ ಅಂಗಡಿಯವರು 8 ಪೋರ್ಟಿನ ಅಗ್ಗದ ಸಾಟಾ ಕಾರ್ಡ್ ಸಾಕು ಎನ್ನುತ್ತಾರೆ. ಇನ್ನೊಬ್ಬರು ಬ್ಯಾಟರಿ ಇರುವ ರೇಡ್ ಕಾರ್ಡೇ ಆಗಬೇಕು ಎನ್ನುತ್ತಾರೆ. ಹೆಚ್ಚು ಖರ್ಚು ಮಾಡುವ ಹಾಗಿಲ್ಲ. ಯಾರ ಮಾತು ಕೇಳಬೇಕು?

ಉತ್ತರ: ಎರಡೂ ಬೇಡ. ನಿಮಗೆ ಬೇಕಾದದ್ದು ಎಚ್‌ಬಿಎ ಎಂದು ಕರೆಯುವ, ಡಿಸ್ಕ್‌ಗಳನ್ನು ಇದ್ದಂತೆಯೇ ಕಂಪ್ಯೂಟರಿಗೆ ಒಪ್ಪಿಸಿ ಸುಮ್ಮನಿರುವ ಕಾರ್ಡ್. ಸರ್ವರುಗಳಿಂದ ಬಿಚ್ಚಿ ತೆಗೆದ ಸೆಕೆಂಡ್‌ಹ್ಯಾಂಡ್ ಕಾರ್ಡ್ ಸಿಕ್ಕಿದರೆ ಖರ್ಚು ಒಂದು ಡಿಸ್ಕಿನ ಬೆಲೆಯೊಳಗೇ ಮುಗಿಯಬೇಕು. ಅದಕ್ಕಿಂತ ಹೆಚ್ಚು ಕೇಳಿದರೆ ಬೇರೆ ಕಡೆ ವಿಚಾರಿಸಿ.

ರೇಡ್ ಕಾರ್ಡ್ ಯಾಕೆ ಬೇಡ? ಅದು ಎಂಟು ಡಿಸ್ಕನ್ನೂ ತನ್ನ ಹಿಂದೆ ಮರೆಮಾಡಿ, ಒಂದೇ ದೊಡ್ಡ ಡಿಸ್ಕ್ ಎಂದು ತೋರಿಸುತ್ತದೆ. ಟ್ರೂನ್ಯಾಸ್‌ನೊಳಗಿನ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಪ್ರತಿಯೊಂದು ಡಿಸ್ಕನ್ನೂ ನೇರವಾಗಿ ನೋಡಬೇಕು. ಯಾವ ಡಿಸ್ಕ್ ತಪ್ಪು ಓದಿತು, ಎಲ್ಲಿಂದ ಸರಿಪಡಿಸಬೇಕು ಎಂದು ಲೆಕ್ಕ ಹಾಕುವುದು ಅದರ ಕೆಲಸ. ನಡುವೆ ಇನ್ನೊಬ್ಬ ಯಜಮಾನ ಕುಳಿತರೆ ಆ ಲೆಕ್ಕವೇ ಕೆಡುತ್ತದೆ. ಒಂದೊಂದು ಡಿಸ್ಕನ್ನೂ ಬೇರೆ ಬೇರೆ ರೇಡ್-0 ಮಾಡಿ ಕೊಡುತ್ತೇವೆ ಎಂದು ಕೆಲವರು ಹೇಳುತ್ತಾರೆ. ಒಪ್ಪಬೇಡಿ. ಡಿಸ್ಕಿನ ಆರೋಗ್ಯದ ಮಾಹಿತಿ ಆಗಲೂ ಸರಿಯಾಗಿ ಸಿಗುವುದಿಲ್ಲ. ನಾಳೆ ಕಾರ್ಡ್ ಸತ್ತರೆ ಬೇರೆ ಕಂಪನಿಯ ಕಾರ್ಡಿನಲ್ಲಿ ಆ ಡಿಸ್ಕ್‌ಗಳು ತೆರೆದುಕೊಳ್ಳದಿರಬಹುದು.

ಅಗ್ಗದ 8 ಪೋರ್ಟಿನ ಸಾಟಾ ಕಾರ್ಡಿನ ಕಥೆ ಬೇರೆ. ಅದರಲ್ಲಿ ಸಾಮಾನ್ಯವಾಗಿ ನಾಲ್ಕೋ ಐದೋ ಪೋರ್ಟಿನ ಒಂದು ಚಿಪ್ ಇರುತ್ತದೆ. ಉಳಿದ ಪೋರ್ಟ್‌ಗಳನ್ನು ಪೋರ್ಟ್ ಮಲ್ಟಿಪ್ಲೈಯರ್ ಎಂಬ ಇನ್ನೊಂದು ಚಿಪ್‌ನಿಂದ ಕವಲೊಡೆಸಿರುತ್ತಾರೆ. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿ ದತ್ತಾಂಶ ಹೋಗುವ ದಾರಿಗೆ ಲೇನ್ ಎನ್ನುತ್ತಾರೆ. ಕಾರ್ಡ್ ಒಂದೇ ಲೇನಿನದಾದರೆ ಪಿಸಿಐ ಎಕ್ಸ್‌ಪ್ರೆಸ್ 3.0ರಲ್ಲಿ ಸಿಗುವುದು ಸೆಕೆಂಡಿಗೆ ಸುಮಾರು 985 ಎಂಬಿ. ಎಂಟು ಡಿಸ್ಕ್ ಒಟ್ಟಿಗೆ ಓದಿದರೆ ತಲಾ 120 ಎಂಬಿಯಷ್ಟು. ದಿನನಿತ್ಯದ ಕೆಲಸಕ್ಕೆ ಇದು ನಡೆದೀತು. ನಿಜವಾದ ಕುತ್ತು ಬರುವುದು ಒಂದು ಡಿಸ್ಕ್ ಹಾಳಾದ ದಿನ. ಮಲ್ಟಿಪ್ಲೈಯರ್ ಹಿಂದಿರುವ ಒಂದು ಡಿಸ್ಕ್ ಉತ್ತರ ಕೊಡದೆ ನಿಂತರೆ ಅದೇ ಕವಲಿನಲ್ಲಿರುವ ಉಳಿದವೂ ಒಟ್ಟಿಗೆ ಕಾಣೆಯಾಗಬಹುದು. ಎರಡು ಡಿಸ್ಕ್ ಹೋದರೂ ತಡೆಯುತ್ತದೆ ಎಂದು ನೀವು ಕಟ್ಟಿದ ವ್ಯವಸ್ಥೆಯಿಂದ ಮೂರು, ನಾಲ್ಕು ಒಂದೇ ಏಟಿಗೆ ಹೋಗುತ್ತವೆ. ನಿಮಗೆ ಬೇಕಿದ್ದದ್ದು ಎರಡೇ ಹೆಚ್ಚುವರಿ ಪೋರ್ಟ್ ಆಗಿದ್ದರೆ, ಮಲ್ಟಿಪ್ಲೈಯರ್ ಇಲ್ಲದ ಎಎಸ್‌ಎಂ1166 ಚಿಪ್‌ನ ಕಾರ್ಡ್ ಸಾಕು ಎನ್ನುತ್ತಿದ್ದೆವು.

ಈಗ ಕೊಳ್ಳುವ ವಿಷಯ. ಕಾರ್ಡಿನ ಮೇಲಿನ ಕಂಪನಿ ಹೆಸರು ನೋಡಬೇಡಿ, ಚಿಪ್ ನಂಬರ್ ನೋಡಿ. ಸ್ಯಾಸ್ ಎಂದರೆ ಸರ್ವರ್ ಡಿಸ್ಕ್‌ಗಳನ್ನು ಜೋಡಿಸುವ ಬಗೆ, ಅದರ ಕಾರ್ಡಿಗೆ ಸಾಟಾ ಡಿಸ್ಕೂ ಹೋಗುತ್ತದೆ. ಎಲ್‌ಎಸ್‌ಐ ಕಂಪನಿಯ ಸ್ಯಾಸ್2008 ಚಿಪ್ ಒಂದೇ. ಎಲ್‌ಎಸ್‌ಐ 9211-8ಐ, ಐಬಿಎಂ ಎಂ1015, ಡೆಲ್ ಎಚ್200, ಡೆಲ್ ಎಚ್310 ಎಲ್ಲವೂ ಅದನ್ನೇ ಹೊತ್ತ ಕಾರ್ಡ್‌ಗಳು. ಎಲ್‌ಎಸ್‌ಐಯನ್ನು 2014ರಲ್ಲಿ ಅವಾಗೋ ಕೊಂಡಿತು. ಅವಾಗೋ 2016ರಲ್ಲಿ ಬ್ರಾಡ್‌ಕಾಮನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಹಾಗಾಗಿ ಕಾರ್ಡಿನೊಳಗೆ ಓಡುವ ಸಾಫ್ಟ್‌ವೇರ್ ಆದ ಫರ್ಮ್‌ವೇರನ್ನು ಈಗ ಬ್ರಾಡ್‌ಕಾಮ್ ಹೆಸರಿನಲ್ಲಿ ಹುಡುಕಬೇಕು. ಇದರ ಮುಂದಿನ ಚಿಪ್ ಸ್ಯಾಸ್2308, ಕಾರ್ಡ್ 9207-8ಐ. ಅದಕ್ಕೂ ಮುಂದಿನದು ಸ್ಯಾಸ್3008, ಕಾರ್ಡ್ 9300-8ಐ. ತಿರುಗುವ ಡಿಸ್ಕ್‌ಗಳಿಗೆ 9300 ಅನಗತ್ಯ ಖರ್ಚು. ಒಂದು ಡಿಸ್ಕ್ ಹೆಚ್ಚೆಂದರೆ ಸೆಕೆಂಡಿಗೆ 200ರಿಂದ 250 ಎಂಬಿ ಓದುತ್ತದೆ, ಎಂಟು ಸೇರಿದರೂ 2,000 ಎಂಬಿ ದಾಟುವುದಿಲ್ಲ. 9211 ಕೂಡ 8 ಲೇನಿನ ಪಿಸಿಐ ಎಕ್ಸ್‌ಪ್ರೆಸ್ 2.0ರಲ್ಲಿ 4,000 ಎಂಬಿ ಕೊಡಬಲ್ಲದು. ನಮ್ಮ ಆಯ್ಕೆ 9207-8ಐ. ಐಟಿ ಮೋಡ್ ಫರ್ಮ್‌ವೇರ್ ಜೊತೆಗೇ ಬರುವ ಕಾರ್ಡ್ ಅದು, ತಲೆನೋವು ಕಡಿಮೆ. ಬೆಲೆಯಲ್ಲಿ ತೀರಾ ವ್ಯತ್ಯಾಸವಿದ್ದರೆ ಮಾತ್ರ 9211ಕ್ಕೆ ಇಳಿಯಿರಿ. ಸ್ಯಾಸ್1068ಇ ಚಿಪ್‌ನ ಕಾರ್ಡನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. 2.2 ಟಿಬಿಗಿಂತ ದೊಡ್ಡ ಡಿಸ್ಕ್ ಅದಕ್ಕೆ ತಿಳಿಯುವುದಿಲ್ಲ, ನಿಮ್ಮ 4 ಟಿಬಿಯ ಅರ್ಧ ಹಾಗೇ ಹಾಳು.

ಐಟಿ ಮೋಡ್ ಎಂದರೆ ಡಿಸ್ಕನ್ನು ನೇರವಾಗಿ ದಾಟಿಸುವ ಫರ್ಮ್‌ವೇರ್. ಐಆರ್ ಎಂದರೆ ಸಣ್ಣಮಟ್ಟದ ರೇಡ್ ಇರುವಂಥದ್ದು. ಮಾರುವವರನ್ನು ಎರಡೇ ಮಾತು ಕೇಳಿ: ಐಟಿ ಮೋಡ್ ಇದೆಯೇ, ಆವೃತ್ತಿ 20.00.07.00 ಹೌದೇ? 20ರ ಸರಣಿಯ ಮೊದಮೊದಲ ಆವೃತ್ತಿಗಳಲ್ಲಿ ದತ್ತಾಂಶ ದೋಷದ ದೂರುಗಳಿದ್ದವು, ಕೊನೆಯದಾದ 07 ಸರಿಯಾದದ್ದು. ಎಂ1015, ಎಚ್310 ಕಾರ್ಡ್‌ಗಳು ತಮ್ಮ ಮೂಲ ಫರ್ಮ್‌ವೇರಿನಲ್ಲೇ ಇದ್ದರೆ ಬದಲಿಸುವ ಕೆಲಸ ಉದ್ದ. ಹೊಸಬರು ಬದಲಿಸಿಟ್ಟದ್ದನ್ನೇ ಕೊಳ್ಳುವುದು ಕ್ಷೇಮ.

9211ಕ್ಕೆ ನೀವೇ ಫರ್ಮ್‌ವೇರ್ ಹಾಕುವುದಾದರೆ, ಕಾರ್ಡಿನ ಸ್ಟಿಕರಿನಲ್ಲಿ 5ರಿಂದ ಶುರುವಾಗುವ 16 ಅಕ್ಷರಗಳ ಸ್ಯಾಸ್ ವಿಳಾಸವನ್ನು ಮೊದಲು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಳಿಸಿದ ಮೇಲೆ ಅದನ್ನು ಕೈಯಿಂದಲೇ ತುಂಬಬೇಕಾಗುತ್ತದೆ. ಎಲ್ಲ ಡಿಸ್ಕ್ ಬಿಚ್ಚಿಡಿ, ಕಂಪ್ಯೂಟರಿನಲ್ಲಿ ಅದೊಂದೇ ಕಂಟ್ರೋಲರ್ ಕಾರ್ಡ್ ಇರಲಿ. ಡಾಸ್‌ನಲ್ಲಿ ಫರ್ಮ್‌ವೇರ್ ಬರೆಯುವ ಸ್ಯಾಸ್2ಫ್ಲ್ಯಾಶ್ ಉಪಕರಣ ಓಡಿಸಿದಾಗ ಪಿಎಎಲ್ ಶುರುವಾಗಲಿಲ್ಲ ಎಂಬ ದೋಷ ಬಂದರೆ ಕಾರ್ಡ್ ಕೆಟ್ಟಿಲ್ಲ. ಹೊಸ ಬೋರ್ಡ್‌ಗಳಲ್ಲಿ ಹೀಗಾಗುತ್ತದೆ, ಅದೇ ಉಪಕರಣದ ಯುಇಎಫ್‌ಐ ಆವೃತ್ತಿ ಬಳಸಿ. ಹಳೆಯ ಫರ್ಮ್‌ವೇರ್ ಅಳಿಸಿದ ಮೇಲೆ ಹೊಸದನ್ನು ಬರೆಯುವ ತನಕ ರೀಸ್ಟಾರ್ಟ್ ಮಾಡಲೇಬಾರದು. ಆ ಹೊತ್ತಿಗೆ ಕರೆಂಟ್ ಹೋದರೆ ಕಾರ್ಡ್ ಏಳುವುದು ಕಷ್ಟ, ಆದ್ದರಿಂದ ಯುಪಿಎಸ್ ಇಲ್ಲದೆ ಕೈಹಾಕಬೇಡಿ. ಗುಡುಗು ಸಿಡಿಲಿನ ಮೇ ತಿಂಗಳ ಸಂಜೆ ಅಂತೂ ಬೇಡ. ಕಾರ್ಡಿನಿಂದ ಬೂಟ್ ಮಾಡಿಸುವ ಬೂಟ್ ರೋಮ್ ಭಾಗವನ್ನು ಹಾಕದೆ ಬಿಡಿ. ಈ ಕಾರ್ಡಿನಿಂದ ನೀವು ಬೂಟ್ ಮಾಡುವುದಿಲ್ಲ, ಕಂಪ್ಯೂಟರ್ ಬೇಗ ಏಳುತ್ತದೆ.

ಕೇಬಲ್‌ನಲ್ಲಿ ಮೋಸ ಹೋಗುವವರೇ ಹೆಚ್ಚು. 9211 ಮತ್ತು 9207ರಲ್ಲಿರುವುದು ಎಸ್‌ಎಫ್‌ಎಫ್-8087 ಎಂಬ ಅಗಲ ಬಾಯಿಯ ಎರಡು ಪೋರ್ಟ್. ಒಂದೊಂದರಿಂದ ನಾಲ್ಕು ಸಾಟಾ ಕವಲು ಬರುವ ಫಾರ್ವರ್ಡ್ ಬ್ರೇಕ್‌ಔಟ್ ಕೇಬಲ್ ಎರಡು ಬೇಕು. ರಿವರ್ಸ್ ಬ್ರೇಕ್‌ಔಟ್ ಎಂಬುದೂ ಇದೆ. ಕಣ್ಣಿಗೆ ಎರಡೂ ಅವಳಿ ಮಕ್ಕಳ ಹಾಗೆ ಒಂದೇ, ತುದಿಯೂ ಸರಿಯಾಗಿ ಕೂರುತ್ತದೆ, ಆದರೆ ಒಂದು ಡಿಸ್ಕೂ ಕಾಣುವುದಿಲ್ಲ. ಕಾರ್ಡ್ ಸುಟ್ಟಿದೆ ಎಂದು ವಾಪಸು ಕಳಿಸುವ ಮೊದಲು ಕೇಬಲ್ ಬದಲಿಸಿ ನೋಡಿ. 9300ಕ್ಕೆ ಬೇಕಾದದ್ದು ಎಸ್‌ಎಫ್‌ಎಫ್-8643, ಇದರ ಕೇಬಲ್ ಅದಕ್ಕೆ ಆಗದು.

ಸ್ಲಾಟ್ ನೋಡುವಾಗ ಉದ್ದ ನೋಡಿ ನಂಬಬೇಡಿ. 16ರ ಉದ್ದದ ಎರಡನೇ ಸ್ಲಾಟಿಗೆ ಎಷ್ಟೋ ಬೋರ್ಡ್‌ಗಳಲ್ಲಿ 4 ಲೇನ್ ಮಾತ್ರ ಎಳೆದಿರುತ್ತಾರೆ. 4 ಲೇನ್ ಸಿಕ್ಕಿದರೂ ಎಂಟು ಡಿಸ್ಕಿಗೆ ಸಾಕು, ಒಂದೇ ಲೇನ್ ಆದರೆ ಬೇಡ. ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇದ್ದು ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಈ ಕಾರ್ಡಿಗೆ ಮೊದಲ ಸ್ಲಾಟನ್ನೇ ಕೊಡಿ.

ಇನ್ನು ಕರಾವಳಿಯ ಸೆಕೆ. ಈ ಚಿಪ್‌ಗಳು ಸರ್ವರಿನ ಜೋರು ಗಾಳಿಯನ್ನು ನಂಬಿ ಮಾಡಿದಂಥವು, ಹೀಟ್‌ಸಿಂಕ್ ಮೇಲೆ ಫ್ಯಾನ್ ಇರುವುದಿಲ್ಲ. ಟವರ್ ಕೇಸಿನಲ್ಲಿ ಹಾಗೇ ಬಿಟ್ಟರೆ ಬೆರಳಿಟ್ಟು ಹಿಡಿಯಲಾಗದಷ್ಟು ಕಾಯುತ್ತದೆ. ಲಕ್ಷಣ ಹೀಗಿರುತ್ತದೆ: ಬೆಳಿಗ್ಗೆ ಎಲ್ಲ ಸರಿ, ಮಧ್ಯಾಹ್ನ ದೊಡ್ಡ ಕಾಪಿ ಹಾಕಿದ ಅರ್ಧ-ಮುಕ್ಕಾಲು ಗಂಟೆಗೆ ಎಲ್ಲ ಡಿಸ್ಕ್ ಒಟ್ಟಿಗೆ ಮಾಯ. 40 ಮಿಮೀ ಫ್ಯಾನ್ ಒಂದನ್ನು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಸಣ್ಣ ಸ್ಕ್ರೂಗಳಿಂದ ಕೂರಿಸಿ, ಅಥವಾ 120 ಮಿಮೀ ಫ್ಯಾನಿನ ಗಾಳಿ ನೇರ ಕಾರ್ಡಿಗೆ ಬೀಳುವ ಹಾಗೆ ಮಾಡಿ. ಹತ್ತು ವರ್ಷದ ಹಳೆಯ ಕಾರ್ಡಿನಲ್ಲಿ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಆಗಿರುತ್ತದೆ. ಹೀಟ್‌ಸಿಂಕಿನ ಪಿನ್‌ಗಳನ್ನು ಹಿಂದಿನಿಂದ ಒತ್ತಿ ಬಿಚ್ಚಿ, ಒರೆಸಿ, ಅಕ್ಕಿಕಾಳಿನಷ್ಟು ಹೊಸ ಪೇಸ್ಟ್ ಹಾಕಿದರೆ ಸಾಕು.

ಪವರ್ ಸಪ್ಲೈ ಮರೆಯಬೇಡಿ. ಒಂದೊಂದು ಡಿಸ್ಕ್ ತಿರುಗಲು ಶುರುಮಾಡುವ ಕ್ಷಣ 12 ವೋಲ್ಟಿನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ. ಎಂಟು ಒಟ್ಟಿಗೆ ಎದ್ದರೆ 16 ಆಂಪ್, ಅಂದರೆ 190 ವ್ಯಾಟ್ ದಾಟುತ್ತದೆ. ಸಪ್ಲೈಯಿಂದ ಬರುವ ಒಂದೇ ದಾರಕ್ಕೆ ನಾಲ್ಕಕ್ಕಿಂತ ಹೆಚ್ಚು ಡಿಸ್ಕ್ ನೇತುಹಾಕಬೇಡಿ. ಮೊಲೆಕ್ಸ್‌ನಿಂದ ಸಾಟಾ ಪವರಿಗೆ ಬದಲಿಸುವ ಅಚ್ಚು ಹಾಕಿದ ಪ್ಲಾಸ್ಟಿಕ್ ತುದಿಯ ಕನೆಕ್ಟರ್ ಒಳಗೊಳಗೇ ಕರಗಿ ಬೆಂಕಿ ಹತ್ತಿಕೊಂಡ ಉದಾಹರಣೆಗಳಿವೆ. ಬೇಕೇ ಬೇಕಾದರೆ ತಂತಿಯನ್ನು ಒತ್ತಿ ಕೂರಿಸಿದ ಬಗೆಯದನ್ನು ಹುಡುಕಿ.

ಕೊನೆಗೊಂದು ಮಾತು: ಟ್ರೂನ್ಯಾಸ್ ಬೂಟ್ ಆಗುವ ಎಸ್‌ಎಸ್‌ಡಿಯನ್ನು ಬೋರ್ಡಿನ ಸಾಟಾ ಪೋರ್ಟಿಗೇ ಹಾಕಿ, ಎಂಟೂ ಡಿಸ್ಕ್ ಕಾರ್ಡಿಗೆ ಹೋಗಲಿ. ಈ ಹಳೆಯ ಕಾರ್ಡ್‌ಗಳಲ್ಲಿ ಎಷ್ಟೋ ಎಸ್‌ಎಸ್‌ಡಿಗಳಿಗೆ ಖಾಲಿಯಾದ ಜಾಗವನ್ನು ತಿಳಿಸುವ ಟ್ರಿಮ್ ಎಂಬ ಆಜ್ಞೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಮಂಗಳೂರಿನ ಬಲ್ಮಠದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತೇನೆ. ಗಿರಾಕಿಯೊಬ್ಬರು ತಂದ ಡೆಲ್ ಎಚ್310 ಕಾರ್ಡನ್ನು ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿಗೆ ಹಾಕಿದರೆ ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ. ಕಾರ್ಡ್ ತೆಗೆದರೆ ಕಂಪ್ಯೂಟರ್ ಸರಿ. ಇನ್ನೊಂದು ಸರ್ವರಿನಲ್ಲಿ ಕಾರ್ಡೂ ಸರಿ. ಏನು ಮಾಡಲಿ?

ಉತ್ತರ: ಎರಡೂ ಸರಿಯಿದ್ದು ಜೋಡಿ ಮಾತ್ರ ಹೊಂದದಿರುವಾಗ ಮೊದಲು ಅನುಮಾನಿಸಬೇಕಾದದ್ದು ಎಸ್‌ಎಂಬಸ್ ತಂತು. ಕಾರ್ಡ್ ಆ ಎರಡು ಪಿನ್‌ಗಳ ಮೂಲಕ ಸರ್ವರ್ ಬೋರ್ಡಿನ ಜೊತೆ ಮಾತಾಡುತ್ತದೆ. ಡೆಸ್ಕ್‌ಟಾಪ್ ಬೋರ್ಡಿನಲ್ಲಿ ರ‍್ಯಾಮ್‌ನ ವಿವರ ಓದುವುದೂ ಅದೇ ದಾರಿಯಲ್ಲಿ. ಇಬ್ಬರೂ ಒಟ್ಟಿಗೆ ಮಾತಾಡಿ ಗೊಂದಲವಾಗಿ ಬೋರ್ಡ್ ಅಲ್ಲೇ ನಿಂತುಬಿಡುತ್ತದೆ.

ಪರಿಹಾರ ಎರಡು ಪಿನ್ ಮುಚ್ಚುವುದು. ಕಾರ್ಡನ್ನು ಚಿಪ್ ಇರುವ ಮುಖ ನಿಮ್ಮ ಕಡೆಗೆ ಬರುವಂತೆ ಹಿಡಿಯಿರಿ. ಕಬ್ಬಿಣದ ಬ್ರಾಕೆಟ್ ಇರುವ ಕಡೆಯಿಂದ ಚಿನ್ನದ ಪಿನ್‌ಗಳನ್ನು ಎಣಿಸಿ. ಕಚ್ಚಿನ ಮುಂಚೆ 11 ಪಿನ್ ಸಾಲು ಬರುತ್ತದೆ, ಅದರಲ್ಲಿ 5 ಮತ್ತು 6ನೆಯವು ಬಿ5, ಬಿ6. ಕ್ಯಾಪ್ಟಾನ್ ಟೇಪ್ ಎಂಬ ತೆಳು ಹಳದಿ ಟೇಪನ್ನು ಎರಡು ಪಿನ್ ಅಗಲಕ್ಕೆ ಕತ್ತರಿಸಿ ಅಂಟಿಸಿ. 4 ಮತ್ತು 7ರ ಮೇಲೆ ಒಂದು ಕೂದಲಿನಷ್ಟೂ ಹೋಗಬಾರದು. ಟೇಪಿನ ಮೇಲ್ತುದಿ ಸ್ಲಾಟಿನಿಂದ ಹೊರಗೆ ಉಳಿಯುವಷ್ಟು ಉದ್ದವಿರಲಿ, ಇಲ್ಲವಾದರೆ ಕಾರ್ಡ್ ಒತ್ತುವಾಗ ಸುರುಟಿ ಒಳಗೇ ಸಿಕ್ಕಿಕೊಳ್ಳುತ್ತದೆ. ವಯರಿಂಗಿನ ಕಪ್ಪು ಟೇಪ್ ದಪ್ಪ, ಸೆಕೆಗೆ ಅದರ ಅಂಟು ಇಳಿದು ಸ್ಲಾಟ್ ಹಾಳಾಗುತ್ತದೆ. ಈ ಪಿನ್‌ಗಳನ್ನು ಮುಚ್ಚಿದ್ದರಿಂದ ಡಿಸ್ಕ್ ಕೆಲಸಕ್ಕೆ ಏನೂ ಕೊರತೆಯಾಗುವುದಿಲ್ಲ.

ಪ್ರಶ್ನೆ: ಕಾರ್ಕಳದ ಸಹಕಾರಿ ಸಂಘದ ಕಚೇರಿಯಲ್ಲಿ ಬ್ಯಾಟರಿ ಇರುವ ರೇಡ್ ಕಾರ್ಡಿನ ಸರ್ವರ್ ಇದೆ. ಮಳೆಗಾಲದ ನಂತರ ಲೆಕ್ಕಪತ್ರದ ಸಾಫ್ಟ್‌ವೇರ್ ಬಹಳ ನಿಧಾನ. ಸರ್ವರನ್ನೇ ಬದಲಿಸಿ ಎಂದು ಸರಬರಾಜುದಾರರು ಹೇಳುತ್ತಿದ್ದಾರೆ.

ಉತ್ತರ: ಸರ್ವರ್ ಬದಲಿಸುವ ಠರಾವು ಮಾಡುವ ಮೊದಲು ಕಾರ್ಡಿನ ಬ್ಯಾಟರಿ ನೋಡಿಸಿ. ಬರೆಯಬೇಕಾದ ದತ್ತಾಂಶವನ್ನು ಕಾರ್ಡ್ ಕ್ಯಾಶ್ ಎಂಬ ತನ್ನ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡು ಬರೆದಾಯಿತು ಎಂದು ಹೇಳಿಬಿಡುತ್ತದೆ, ಆಮೇಲೆ ನಿಧಾನಕ್ಕೆ ಡಿಸ್ಕಿಗೆ ಇಳಿಸುತ್ತದೆ. ಇದಕ್ಕೆ ರೈಟ್-ಬ್ಯಾಕ್ ಎಂದು ಹೆಸರು. ನಡುವೆ ಕರೆಂಟ್ ಹೋದರೆ ಕ್ಯಾಶ್‌ನಲ್ಲಿರುವುದನ್ನು ಉಳಿಸುವುದು ಆ ಬ್ಯಾಟರಿ. ಬ್ಯಾಟರಿ ಸೋತಿದೆ ಎಂದು ತಿಳಿದ ಕೂಡಲೇ ಕಾರ್ಡ್ ತಾನಾಗಿ ರೈಟ್-ಥ್ರೂಗೆ ಇಳಿಯುತ್ತದೆ, ಪ್ರತಿ ಬರಹವೂ ಡಿಸ್ಕಿಗೆ ಮುಟ್ಟುವ ತನಕ ಕಾಯಬೇಕು. ನೀವು ಹೇಳುವ ನಿಧಾನಕ್ಕೆ ಇದೇ ಕಾರಣ ಆಗಿರುವ ಸಾಧ್ಯತೆ ಹೆಚ್ಚು.

ಡೆಲ್‌ನ ಪರ್ಕ್ ಕಾರ್ಡ್ ಆದರೆ ಬೂಟ್ ಆಗುವಾಗ ಕಂಟ್ರೋಲ್ ಮತ್ತು ಆರ್ ಒಟ್ಟಿಗೆ ಒತ್ತಿದರೆ ಬರುವ ಪರದೆಯಲ್ಲಿ ಬ್ಯಾಟರಿಯ ಸ್ಥಿತಿ ಕಾಣುತ್ತದೆ. ಬ್ಯಾಟರಿ ಮಾತ್ರ ಬದಲಿಸಿದರೆ ವೇಗ ಮರಳುತ್ತದೆ, ಡಿಸ್ಕ್ ಮುಟ್ಟಬೇಕಾಗಿಲ್ಲ. ಅದು ಉಬ್ಬಿದ್ದರೆ ಸರ್ವರ್ ಆರಿಸಿ ಅಂದೇ ಹೊರಗೆ ತೆಗೆಯಿರಿ, ಚುಚ್ಚಬೇಡಿ, ಬಗ್ಗಿಸಬೇಡಿ. ಕೆಲವು ಕಾರ್ಡ್‌ಗಳು ತಿಂಗಳುಗಳಿಗೊಮ್ಮೆ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸಿ ಪರೀಕ್ಷಿಸುತ್ತವೆ. ಆ ಕೆಲವು ಗಂಟೆ ಮಾತ್ರ ನಿಧಾನವಾದರೆ ಅದು ರೋಗವಲ್ಲ.

ಬ್ಯಾಟರಿ ಇಲ್ಲದಿದ್ದರೂ ರೈಟ್-ಬ್ಯಾಕ್ ಬಲವಂತವಾಗಿ ಹಾಕುವ ಒಂದು ಆಯ್ಕೆ ಇದೆ. ಕ್ಷಣದಲ್ಲಿ ವೇಗ ಬರುತ್ತದೆ, ಅದಕ್ಕೇ ಕೆಲವರು ಹಾಕಿ ಹೋಗುತ್ತಾರೆ. ಜನರ ಠೇವಣಿ ಲೆಕ್ಕ ಇರುವ ಯಂತ್ರದಲ್ಲಿ ಅದನ್ನು ಯಾವ ಕಾರಣಕ್ಕೂ ಬಿಡಬೇಡಿ. ಒಂದೇ ಸಲ ಕರೆಂಟ್ ಹೋದರೂ ರಸೀದಿ ಕೊಟ್ಟ ಜಮೆ ಪುಸ್ತಕದಲ್ಲಿ ಇಲ್ಲದಂತಾಗುತ್ತದೆ.

ಪ್ರಶ್ನೆ: ಸುರತ್ಕಲ್‌ನಿಂದ. ಲ್ಯಾಬಿನ ಸರ್ವರಿನಲ್ಲಿ 9211-8ಐ ಇದೆ. ಸೆಂಟ್‌ಓಎಸ್ 7 ಲಿನಕ್ಸ್‌ನಿಂದ ರೆಡ್ ಹ್ಯಾಟ್ 8 ಲಿನಕ್ಸ್‌ಗೆ ಹೋದೆವು, ಒಂದು ಡಿಸ್ಕೂ ಕಾಣುತ್ತಿಲ್ಲ. ಕಾರ್ಡ್ ಹೋಯಿತೇ?

ಉತ್ತರ: ಇಲ್ಲ. ರೆಡ್ ಹ್ಯಾಟ್ 8ರಲ್ಲಿ ಇಂಥ ಕಾರ್ಡ್‌ಗಳನ್ನು ನಡೆಸುವ ಎಂಪಿಟಿ3ಸ್ಯಾಸ್ ಡ್ರೈವರ್ ಇದೆ, ಆದರೆ ಅದರ ಪಟ್ಟಿಯಿಂದ ಸ್ಯಾಸ್2008 ಚಿಪ್‌ನ ಗುರುತನ್ನು ತೆಗೆದುಹಾಕಿದ್ದಾರೆ. ಎಲ್‌ರೆಪೋ ಎಂಬ ಸಾಫ್ಟ್‌ವೇರ್ ಭಂಡಾರ ಕೊಡುವ ಹೆಚ್ಚುವರಿ ಡ್ರೈವರ್ ಹಾಕಬಹುದು, ಆದರೆ ಕರ್ನಲ್ ಬದಲಾದಾಗಲೆಲ್ಲ ಅದರ ಕಡೆ ಒಂದು ಕಣ್ಣಿಡಬೇಕು. ರೆಡ್ ಹ್ಯಾಟ್‌ಗೆ ಹೊಂದುವ ಆಲ್ಮಾಲಿನಕ್ಸ್ 8.10 ಮತ್ತು 9.4ರಿಂದ ಈ ಹಳೆಯ ಚಿಪ್‌ಗಳ ಬೆಂಬಲವನ್ನು ಮತ್ತೆ ಸೇರಿಸಿದೆ, ನಿಮಗೆ ಸುಲಭದ ದಾರಿ ಅದೇ. ಡೆಬಿಯನ್, ಉಬುಂಟುಗಳಲ್ಲಿ ಈ ತೊಂದರೆ ಇಲ್ಲ. ಹಳೆಯ ಕಾರ್ಡ್ ಕೊಳ್ಳುವವರು ತಾವು ಹಾಕುವ ಆಪರೇಟಿಂಗ್ ಸಿಸ್ಟಮ್ ಅದನ್ನು ಇನ್ನೂ ಗುರುತಿಸುತ್ತದೆಯೇ ಎಂದು ನೋಡಿಯೇ ಹಣ ಕೊಡಬೇಕು.

ಪ್ರಶ್ನೆ: ಮಣಿಪಾಲದ ವಿದ್ಯಾರ್ಥಿ. ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕು ಸ್ಯಾಸ್ ಡಿಸ್ಕ್ ತರಿಸಿದೆ. ಸಾಟಾ ಕೇಬಲ್ ಅದಕ್ಕೆ ಕೂರುವುದೇ ಇಲ್ಲ. 9207 ಕಾರ್ಡಿಗೆ ಸರಿಯಾದ ಕೇಬಲ್ಲಿನಲ್ಲಿ ಹಾಕಿದರೆ ಹೆಸರು ಬರುತ್ತದೆ, ಗಾತ್ರ 0 ಎನ್ನುತ್ತದೆ.

ಉತ್ತರ: ಕೂರದಿರುವುದು ಸರಿಯೇ. ಸಾಟಾ ಡಿಸ್ಕ್ ಸ್ಯಾಸ್ ಕಾರ್ಡಿಗೆ ಹೋಗುತ್ತದೆ, ಸ್ಯಾಸ್ ಡಿಸ್ಕ್ ಸಾಟಾ ಪೋರ್ಟಿಗೆ ಹೋಗುವುದಿಲ್ಲ. ಅದಕ್ಕೇ ಸ್ಯಾಸ್ ಡಿಸ್ಕಿನ ಕನೆಕ್ಟರಿನ ನಡುವಿನ ಸಂದು ಮುಚ್ಚಿರುತ್ತಾರೆ. ಗಾತ್ರ 0 ಬರುವುದಕ್ಕೆ ಕಾರಣ ಸೆಕ್ಟರ್, ಅಂದರೆ ಡಿಸ್ಕ್ ದತ್ತಾಂಶವನ್ನು ಇಡುವ ತುಂಡು. ದೊಡ್ಡ ಸ್ಟೋರೇಜ್ ಯಂತ್ರಗಳಿಂದ ತೆಗೆದ ಡಿಸ್ಕ್‌ಗಳಲ್ಲಿ ಸೆಕ್ಟರ್ 512ರ ಬದಲು 520 ಬೈಟ್ ಇರುತ್ತದೆ, ಲಿನಕ್ಸ್‌ಗೆ ಅದು ಬೇಡ. ಎಸ್‌ಜಿ3 ಯುಟಿಲ್ಸ್ ಎಂಬ ಪ್ಯಾಕೇಜಿನ ಎಸ್‌ಜಿ ಫಾರ್ಮ್ಯಾಟ್ ಬಳಸಿ ಗಾತ್ರ 512 ಎಂದು ಕೊಟ್ಟು ಫಾರ್ಮ್ಯಾಟ್ ಮಾಡಿ. ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಯುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ನಿಲ್ಲಿಸಿದರೆ ಡಿಸ್ಕ್ ಅರ್ಧಂಬರ್ಧ ಸ್ಥಿತಿಯಲ್ಲಿ ನಿಂತು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ನಾಲ್ಕನ್ನೂ ನಾಲ್ಕು ಟರ್ಮಿನಲ್‌ನಲ್ಲಿ ಒಟ್ಟಿಗೇ ಹಾಕಿ ರಾತ್ರಿ ಬಿಟ್ಟುಬಿಡಿ, ಹಾಸ್ಟೆಲಿನ ಪ್ಲಗ್ ಯಾರೂ ತೆಗೆಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಬೈಕಂಪಾಡಿಯ ನಮ್ಮ ಘಟಕಕ್ಕೆ ಸೆಕೆಂಡ್‌ಹ್ಯಾಂಡ್ ಡೆಲ್ ಆರ್710 ತಂದೆವು. ಅದರ ಎಚ್200 ಕಾರ್ಡಿಗೆ ಎಲ್‌ಎಸ್‌ಐ ಐಟಿ ಫರ್ಮ್‌ವೇರ್ ಹಾಕಿಸಿ ಅದೇ ಜಾಗದಲ್ಲಿ ಕೂರಿಸಿದರೆ, ಸ್ಟೋರೇಜ್ ಸ್ಲಾಟಿನಲ್ಲಿ ಅಮಾನ್ಯ ಕಾರ್ಡ್ ಇದೆ ಎಂದು ಹೇಳಿ ನಿಲ್ಲುತ್ತದೆ.

ಉತ್ತರ: ಆ ಸ್ಲಾಟ್ ಡೆಲ್ ಗುರುತಿನ ಕಾರ್ಡ್‌ಗಳಿಗೆ ಮಾತ್ರ ಮೀಸಲು. ಫರ್ಮ್‌ವೇರ್ ಬದಲಿಸಿದಾಗ ಗುರುತೂ ಬದಲಾಯಿತು. ಕಾರ್ಡನ್ನು ಹಿಂಬದಿಯ ಸಾಮಾನ್ಯ ಸ್ಲಾಟಿಗೆ ಬದಲಿಸಿ, ಕೇಬಲ್ ಅಲ್ಲಿ ತನಕ ಮುಟ್ಟುತ್ತದೆಯೇ ನೋಡಿಕೊಳ್ಳಿ. ಹೊಸ ಆರ್730ರಂಥ ಸರ್ವರುಗಳಲ್ಲಿ ಹೊರಗಿನ ಕಾರ್ಡ್ ಹಾಕಿದರೆ ಯಂತ್ರ ನಿಲ್ಲುವುದಿಲ್ಲ, ಫ್ಯಾನ್‌ಗಳು ಜೋರಾಗಿ ಬೊಬ್ಬಿಡುತ್ತವೆ. ಅದನ್ನು ಡೆಲ್ ಸರ್ವರಿನ ನಿರ್ವಹಣಾ ವ್ಯವಸ್ಥೆಯಾದ ಐಡ್ರಾಕ್‌ನ ರಾಕ್‌ಎಡಿಎಂ ಆಜ್ಞೆಯ ಮೂಲಕ, ಹೊರಗಿನ ಪಿಸಿಐ ಕಾರ್ಡಿಗೆ ಫ್ಯಾನ್ ಸ್ಪಂದಿಸುವ ಆಯ್ಕೆಯನ್ನು 0 ಮಾಡಿ ತಣ್ಣಗಾಗಿಸಬಹುದು. ಆಮೇಲೆ ಒಂದು ದಿನ ಕಾರ್ಡಿನ ಬಿಸಿ ನೋಡಿ.

ಪ್ರಶ್ನೆ: ಮಲ್ಪೆಯಲ್ಲಿ ಮೀನು ವ್ಯಾಪಾರದ ಕಚೇರಿ. ಪ್ರತಿ ಮಳೆಗಾಲದಲ್ಲೂ ಸರ್ವರಿನ ಒಂದಲ್ಲ ಒಂದು ಡಿಸ್ಕ್ ದೋಷ ತೋರಿಸಿ ಹೊರಗೆ ಬೀಳುತ್ತದೆ. ಎರಡು ಡಿಸ್ಕ್ ಬದಲಿಸಿದೆವು, ತೊಂದರೆ ಹೋಗಿಲ್ಲ. ಈಗ ಕಂಟ್ರೋಲರ್ ಬದಲಿಸಬೇಕೇ?

ಉತ್ತರ: ಇನ್ನೂ ಹಣ ಬಿಚ್ಚಬೇಡಿ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಇಡುವ ಸ್ಮಾರ್ಟ್ ಪಟ್ಟಿ ತೆರೆದು 199ನೇ ಸಾಲು ನೋಡಿ. ಅದು ದಾರಿಯಲ್ಲಿ ಕೆಟ್ಟುಹೋದ ದತ್ತಾಂಶದ ಎಣಿಕೆ. 199 ಏರುತ್ತಾ, ಕೆಟ್ಟ ಸೆಕ್ಟರ್‌ಗಳನ್ನು ಎಣಿಸುವ 5, 197, 198ನೇ ಸಾಲುಗಳು 0ಯಲ್ಲೇ ಇದ್ದರೆ ಡಿಸ್ಕ್ ಚೆನ್ನಾಗಿದೆ, ಕೆಟ್ಟದ್ದು ಕೇಬಲ್ ಅಥವಾ ಪಿನ್. 197, 198 ಏರುತ್ತಿದ್ದರೆ ಡಿಸ್ಕೇ ಹೋಗುತ್ತಿದೆ. 199 ಒಮ್ಮೆ ಏರಿದರೆ ಇಳಿಯುವುದಿಲ್ಲ, ಹಾಗಾಗಿ ಇಂದಿನ ಅಂಕಿ ಬರೆದಿಟ್ಟು ವಾರ ಬಿಟ್ಟು ಮತ್ತೆ ನೋಡಿ.

ಕಡಲ ದಂಡೆಯ ಉಪ್ಪುಗಾಳಿ ಮತ್ತು ಮಳೆಯ ತೇವ ಸೇರಿದರೆ ಪಿನ್‌ಗಳ ಮೇಲೆ ಕಣ್ಣಿಗೆ ಕಾಣದ ಪೊರೆ ಕೂರುತ್ತದೆ. ಯಂತ್ರ ಆರಿಸಿ ಕೇಬಲ್ ಬಿಚ್ಚಿ, ಕಾರ್ಡಿನ ಚಿನ್ನದ ಅಂಚನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನೂಲಿಲ್ಲದ ಬಟ್ಟೆಯಿಂದ ಒರೆಸಿ. ಕೇಬಲ್ ತೀರಾ ಅಗ್ಗದ ವಸ್ತು, ಅದನ್ನು ತೊಳೆಯುವ ಗೋಜಿಗೆ ಹೋಗದೆ ಹೊಸದೇ ಹಾಕಿ, ತುದಿಯಲ್ಲಿ ಲೋಹದ ಕೊಕ್ಕೆ ಇರುವಂಥದ್ದು. ಸಂಶಯದ ಡಿಸ್ಕನ್ನು ಪಕ್ಕದ ಡಿಸ್ಕಿನ ಕೇಬಲಿಗೆ ಬದಲಿಸಿ ಹಾಕಿ. ದೋಷ ಡಿಸ್ಕಿನ ಜೊತೆ ಹೋದರೆ ಡಿಸ್ಕ್, ಕೇಬಲಿನಲ್ಲೇ ಉಳಿದರೆ ಕೇಬಲ್, ಹೊಸ ಕೇಬಲಿನಲ್ಲೂ ಕಾರ್ಡಿನ ಅದೇ ಪೋರ್ಟ್ ತಕರಾರು ಮಾಡಿದರೆ ಆಗ ಕಾರ್ಡ್. ಸರ್ವರನ್ನು ಮಳೆಗಾಲದಲ್ಲಿ ದಿನಗಟ್ಟಲೆ ಆರಿಸಿಡಬೇಡಿ. ಓಡುತ್ತಿರುವ ಯಂತ್ರದ ಒಳಗಿನ ಬಿಸಿಯೇ ತೇವವನ್ನು ದೂರ ಇಡುತ್ತದೆ, ತಣ್ಣಗೆ ಬಿಟ್ಟರೆ ಬೇಗ ಪೊರೆ ಕಟ್ಟುತ್ತದೆ.